ಕಮ್ಮಾರನ ಮನೆಯ ಹೊಗೆ

ಅಕ್ಟೋಬರ್ ಕೊನೆಯ ವಾರ, ಒಂದು ಬೆಳಿಗ್ಗೆ ಕಾರಿನ ಗಾಜಿಗೆ ಹಿಡಿದಿದ್ದ ಹಿಮ ಕೆರೆಯುತ್ತಿದ್ದಾಗ ಕಮ್ಮಾರನ ಮನೆಯಿಂದ ಹೊಗೆ ಏಳುತ್ತಿರುವುದು ಕಂಡಿತು. ತೆಳ್ಳನೆಯ, ನೀಲಿ ಬಣ್ಣದ, ಅವಸರವಿಲ್ಲದ ಹೊಗೆ. ಕೆರೆಯುತ್ತಿದ್ದ ಕೈ ಅಲ್ಲೇ ನಿಂತಿತು.

ಆ ಮನೆಯಲ್ಲಿ ಯಾರೂ ಇಲ್ಲ. ಕಮ್ಮಾರ ಸತ್ತು ಬಹಳ ವರ್ಷವಾಯಿತು. ಮಗ ಒವೀದಿಯೊ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ಟ್ರಾಮ್ ಓಡಿಸುತ್ತಾನೆ. ಆಗಸ್ಟ್ ತಿಂಗಳಲ್ಲಿ ಬಂದು, ದೊಡ್ಡ ಕಾರನ್ನು ಚರ್ಚಿನ ಎದುರಿಗೆ ಅಡ್ಡಲಾಗಿ ನಿಲ್ಲಿಸಿ, ಊರು ಹಾಳಾಯಿತು ಎಂದು ನಾಲ್ಕು ಜನರ ಮುಂದೆ ಹೇಳಿ, ಕಿಟಕಿ ಬಾಗಿಲು ಭದ್ರಪಡಿಸಿ ಹೊರಟುಬಿಡುತ್ತಾನೆ. ಉಳಿದ ಕಾಲವೆಲ್ಲ ಅದು ಕುರುಡು ಮನೆ.

ಬೇರೆ ಊರಿನಲ್ಲಾದರೆ ಖಾಲಿ ಮನೆಯಲ್ಲಿ ಹೊಗೆ ಕಂಡವರು ಕಳ್ಳರೆಂದೋ ಬೆಂಕಿ ಅನಾಹುತವೆಂದೋ ಹೆದರುತ್ತಾರೆ. ನಮ್ಮ ಅರ್ಮೆಂತಾಲ್‌ನಲ್ಲಿ ಹಾಗಲ್ಲ. ಇಲ್ಲಿ ಹೊಗೆ ಎಂದರೆ ಮತ.

ಊರ ಹಿಂದಿನ ಪೆನಾ ಲಾಂಗಾ ಗುಡ್ಡ ಯಾವೊಬ್ಬನದೂ ಅಲ್ಲ, ಸರ್ಕಾರದ್ದೂ ಅಲ್ಲ. ಅದು ಊರಿನಲ್ಲಿ ವಾಸವಿರುವ ಮನೆಗಳಿಗೆ ಒಟ್ಟಾಗಿ ಸೇರಿದ್ದು. ನಮ್ಮ ಗಲೀಸಿಯಾ ಪ್ರಾಂತದ ಗುಡ್ಡಗಾಡಿನಲ್ಲಿ ಇಂಥ ಊರಗುಡ್ಡಗಳು ಎಷ್ಟೋ ಇವೆ. ಬಾಗಿಲು ತೆರೆದು ಹೊಗೆಯಾಡುವ ಮನೆಗೆ ಒಂದು ಪಾಲು, ಒಂದು ಮತ. ಊರು ಬಿಟ್ಟು ಹೋದವನ ಹಕ್ಕು ಅವನ ಒಲೆಯ ಜೊತೆಗೇ ಆರುತ್ತದೆ. ಬಂದು ಒಲೆ ಹಚ್ಚಿದವನಿಗೆ ಹಕ್ಕು ಹುಟ್ಟುತ್ತದೆ. ಆರು ವರ್ಷದ ಹಿಂದೆ ನಾನು ಓರೆನ್ಸೆ ಪಟ್ಟಣದಿಂದ ಬಂದು, ಸತ್ತುಹೋಗಿದ್ದ ಸೋದರತ್ತೆಯ ಮನೆಯ ಬಾಗಿಲು ತೆರೆದಾಗ ನನಗೂ ಹಾಗೆಯೇ ಹಕ್ಕು ಬಂತು. ಯಾರೂ ಕಾಗದ ಕೇಳಲಿಲ್ಲ. ಹೊಗೆ ನೋಡಿದರು, ಸಭೆಗೆ ಕರೆದರು.

ಈಗ ಊರಿನಲ್ಲಿ ಅಂಥ ಮನೆಗಳು ಹನ್ನೊಂದು. ನವೆಂಬರ್ ಎರಡನೇ ವಾರದ ಸಾನ್ ಮಾರ್ತಿನ್ಯೊ ಹಬ್ಬದ ನಂತರದ ಭಾನುವಾರ ಈ ಹನ್ನೊಂದು ಮನೆಗಳು ಸೇರಿ ಒಂದು ವಿಷಯ ತೀರ್ಮಾನಿಸಬೇಕಿತ್ತು: ಪೆನಾ ಲಾಂಗಾದ ನೆತ್ತಿಯನ್ನು ಮೂವತ್ತು ವರ್ಷಕ್ಕೆ ಗಾಳಿಯಂತ್ರದ ಕಂಪನಿಗೆ ಗುತ್ತಿಗೆ ಕೊಡುವುದೋ ಬೇಡವೋ. ಕಂಪನಿಯ ಕಚೇರಿ ಮ್ಯಾಡ್ರಿಡ್‌ನಲ್ಲಿ. ಅದರ ಹಿಂದಿನ ಹಣ ಇನ್ನೂ ಉತ್ತರದ ಯಾವುದೋ ದೇಶದ್ದು. ಬಂದಿದ್ದ ಮನುಷ್ಯ ಕೆಸರು ತಾಗದ ಬೂಟು ಹಾಕಿಕೊಂಡಿದ್ದ, ಪ್ರತಿ ಮಾತಿಗೂ ಊರಿನ ಹೆಸರು ಸೇರಿಸುತ್ತಿದ್ದ. ನಾವು ಬೇಡ ಎಂದರೂ ಸರ್ಕಾರ ಬಲವಂತದಿಂದ ಜಾಗ ತೆಗೆದುಕೊಳ್ಳಬಹುದು, ನಿಜ. ಆದರೆ ಆಗ ನ್ಯಾಯಾಲಯಕ್ಕೆ ಹೋಗುವ ದಾರಿಯಿರುತ್ತದೆ. ನಾವೇ ಹೂಂ ಎಂದ ಮೇಲೆ ಯಾವ ದಾರಿಯೂ ಇಲ್ಲ.

ನನ್ನ ಭಯ ಫೊಂತೆಫ್ರಿಯಾ ಬುಗ್ಗೆಯದು. ಯಂತ್ರ ನೆಡುವ ಜಾಗದ ಸರಿಯಾಗಿ ಕೆಳಗೆ ಅದು ಹುಟ್ಟುತ್ತದೆ. ಊರಿನ ನಲ್ಲಿಗಳಿಗೂ ಹುಲ್ಲುಗಾವಲಿಗೂ ಬೇರೆ ನೀರಿಲ್ಲ. ಪಕ್ಕದ ಕಣಿವೆಯಲ್ಲಿ ಬುನಾದಿಗೆಂದು ಬಂಡೆ ಸಿಡಿಸಿದ ಮೇಲೆ ಅವರ ಬುಗ್ಗೆ ಕೆಂಪಗೆ ಹರಿದು, ಆಮೇಲೆ ಹರಿಯುವುದನ್ನೇ ನಿಲ್ಲಿಸಿತು. ಈಗ ಅವರಿಗೆ ವಾರಕ್ಕೊಮ್ಮೆ ಟ್ಯಾಂಕರ್ ಬರುತ್ತದೆ.

ಯಾರು ಯಾವ ಕಡೆ ಎಂದು ನಾನು ತಿಂಗಳುಗಟ್ಟಲೆ ಗಮನಿಸಿದ್ದೆ. ಗುತ್ತಿಗೆ ಬೇಕು ಎನ್ನುವವರು ಐದು ಮನೆ: ಊರಗುಡ್ಡದ ಅಧ್ಯಕ್ಷ ಎಲಾದಿಯೊ, ಅವನ ಚಿಕ್ಕಪ್ಪನ ಮಗ ಅಮಾರೊ, ಮತ್ತೆ ನೀಲಗಿರಿ ಮರ ಬೆಳೆಸುವ ಮೂರು ಮನೆಯವರು. ಬೇಡ ಎನ್ನುವವರು ಪಕ್ಕದ ಮನೆಯ ದೊರಿಂದಾ ಸೇರಿ ಐದು. ನಾನು ಆರನೆಯವಳು. ಕಮ್ಮಾರನ ಮನೆಯೂ ಹೊಗೆಯಾಡಿದರೆ ಆರಕ್ಕೆ ಆರು. ಸರಿಸಮವಾದರೆ ಅಧ್ಯಕ್ಷನ ಮತಕ್ಕೆ ಎರಡು ಬೆಲೆ. ಕಾರಿನ ಬಳಿ ನಿಂತಿದ್ದ ನನಗೆ ಅಷ್ಟೂ ಒಂದೇ ಉಸಿರಿಗೆ ಹೊಳೆಯಿತು. ಮುಚ್ಚಿದ ಮನೆಗಳ ಕೀಲಿಗಳೆಲ್ಲ ಇರುವುದು ಎಲಾದಿಯೊನ ಅಡಿಗೆಮನೆಯ ಮೊಳೆಯಲ್ಲಿ.

ಅಂದಿನಿಂದ ಕಣ್ಣಿಟ್ಟೆ. ಹೊಗೆ ಬೆಳಿಗ್ಗೆಯೂ ಇತ್ತು, ನಾನು ಪಾಠ ಮುಗಿಸಿ ಶಾಲೆಯಿಂದ ಬರುವಾಗಲೂ ಇತ್ತು. ಕಿಟಕಿಗಳು ಮುಚ್ಚಿಯೇ ಇದ್ದವು. ನಾಯಿ ತಿರುಗಾಡಿಸುವ ನೆಪದಲ್ಲಿ ಆ ಮನೆಯ ಗೋಡೆಯ ಪಕ್ಕ ಹಾದುಹೋದೆ. ಓಕ್ ಸೌದೆಯ ವಾಸನೆ ಬಂತು. ಸಾರಿನ ವಾಸನೆಯಿಲ್ಲ, ಹುರಿದ ಈರುಳ್ಳಿಯದೂ ಇಲ್ಲ. ಅಡಿಗೆ ಮಾಡದ ಒಲೆ. ಮನುಷ್ಯರಿಲ್ಲದ ಕಡೆ ಬೆಂಕಿ ಹಚ್ಚಿದವರು ಅದನ್ನು ಹೊಗೆಗಾಗಿಯೇ ಹಚ್ಚಿರಬೇಕು.

ಭಾನುವಾರ ಪೂಜೆ ಮುಗಿದು ಜನ ಚರ್ಚಿನ ಹೊರಗೆ ನಿಂತಿದ್ದಾಗ ಎಲಾದಿಯೊ ದೊರಿಂದಾಳ ಹತ್ತಿರ ಹೋಗಿ ಕೈಕುಲುಕಿದ. ಅಕ್ಕಪಕ್ಕದ ಮನೆಯವರು, ದಿನಾ ನೋಡುವವರು, ಕೈಕುಲುಕುತ್ತಾರೆಯೇ? ಅವಳ ಕೈ ಮುಚ್ಚಿಕೊಂಡೇ ಕೋಟಿನ ಜೇಬಿಗೆ ಹೋಯಿತು. ಕಬ್ಬಿಣದ ಉದ್ದನೆಯ ಕೀಲಿಯ ತುದಿ ನನಗೆ ಕಂಡಿತು, ಅಥವಾ ಕಂಡಿತೆಂದುಕೊಂಡೆ.

ಅದು ಬಹಳ ಚುಚ್ಚಿತು. ದೊರಿಂದಾ ಸ್ವಿಟ್ಜರ್‌ಲೆಂಡಿನ ಲೋಸಾನ್ ಪಟ್ಟಣದ ಲಾಂಡ್ರಿಗಳಲ್ಲಿ ಮೂವತ್ತು ವರ್ಷ ದುಡಿದು, ಗಂಡ ಸತ್ತ ಮೇಲೆ ಊರಿಗೆ ಹಿಂದಿರುಗಿದವಳು. ನಾನು ಬಂದ ಮೊದಲ ಚಳಿಗಾಲದಲ್ಲಿ ನಲ್ಲಿ ಹೆಪ್ಪುಗಟ್ಟಿದಾಗ ಬಿಸಿನೀರು ಹೊತ್ತು ತಂದವಳು ಅವಳೇ. ಗಾಳಿಯಂತ್ರದ ಬಗ್ಗೆ ಅವಳು ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಆದರೆ ಬುಗ್ಗೆಯ ಮಾತೆತ್ತಿದಾಗಲೆಲ್ಲ ತಲೆಯಾಡಿಸುತ್ತಿದ್ದಳು. ಆ ತಲೆಯಾಟವನ್ನೇ ನಾನು ಅವಳ ಮತವೆಂದು ಎಣಿಸಿದ್ದೆ.

ಮಾರನೆಯ ದಿನ ಬೇಲಿಯ ಬಳಿ ಕೇಳಿದೆ. "ಸೆನ್ಯೋರ ದೊರಿಂದಾ, ಕಮ್ಮಾರನ ಮನೆಗೆ ಯಾರಾದ್ರೂ ಬಂದಿದಾರಾ?"

"ಯಾರು ಬರ್ತಾರೆ ಮಗಳೇ ಅಲ್ಲಿಗೆ, ದೆವ್ವ ಬರಬೇಕು."

"ಹೊಗೆ ಬರ್ತಾ ಇದೆಯಲ್ಲ."

"ಮಂಜಿರಬೇಕು." ಅವಳು ಎಲೆಕೋಸಿನ ಗಿಡದ ಹಣ್ಣೆಲೆ ಕೀಳುತ್ತಲೇ ಇದ್ದಳು. "ನೀನು ಶಾಲೆಗೆ ಹೊರಡು, ಆ ಹುಡುಗರು ನಿನಗೋಸ್ಕರ ಕಣ್ಣೀರಿಡ್ತಾ ಕೂತಿರ್ತಾರೆ."

ಅವಳ ತಲೆವಸ್ತ್ರದ ಅಂಚಿಗೆ ಮಸಿ ಹತ್ತಿತ್ತು. ಅವಳ ಮನೆಯಲ್ಲಿರುವುದು ಗ್ಯಾಸ್ ಒಲೆ. ಕೋಣೆ ಬೆಚ್ಚಗಾಗಿಸಲು ಒಂದು ಕಬ್ಬಿಣದ ಪೆಟ್ಟಿಗೆ ಒಲೆ. ಎರಡರಿಂದಲೂ ತಲೆಗೆ ಅಂಥ ಮಸಿ ಹತ್ತುವುದಿಲ್ಲ.

ಕೆಳಗಿನ ಪೇಟೆಯ ಪ್ರೌಢಶಾಲೆಯಲ್ಲಿ ನಾನು ಕಲಿಸುವುದು ಭೂಗೋಳ. ಆ ವಾರ ತರಗತಿಯಲ್ಲಿ ಯುರೋಪಿನ ಎರಡು ನಕ್ಷೆ ತೂಗುಹಾಕಿದ್ದೆ. ಒಂದರಲ್ಲಿ ಪ್ರಾಂತಗಳ ಆದಾಯಕ್ಕೆ ತಕ್ಕ ಬಣ್ಣ. ನಮ್ಮ ಕಡೆ ಮಾಸಲು. ಇನ್ನೊಂದರಲ್ಲಿ ಗಾಳಿಯ ಬಲ. ನಮ್ಮ ಕಡೆ ಗಾಢ. ಎರಡನ್ನೂ ಹೋಲಿಸಿ ಬರೆಯಿರಿ ಎಂದಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈಯೆತ್ತಿ, "ಗಾಳಿ ನಮ್ಮದು, ಕರೆಂಟು ಮ್ಯಾಡ್ರಿಡ್‌ದು ಅಂತ ಬರೆದ್ರೆ ಅಂಕ ಸಿಗುತ್ತಾ ಟೀಚರ್?" ಎಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಇವಳ ತಂದೆ ಯಾರು, ಯಾರ ಕಡೆ ಎಂದು ಯೋಚಿಸುತ್ತಿದ್ದೆ.

ಸಭೆ ನಡೆಯುವುದು ಊರಿನ ಹಳೆಯ ಶಾಲೆಯಲ್ಲಿ. ಮಕ್ಕಳಿಲ್ಲದೆ ಅದು ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಗೋಡೆಯ ಮೇಲೆ ಹಳೆಯ ಯುರೋಪಿನ ನಕ್ಷೆ ಉಳಿದಿದೆ. ಅದರಲ್ಲಿ ಜರ್ಮನಿ ಇನ್ನೂ ಎರಡು. ಊರಿನ ಅರ್ಧ ಗಂಡಸರು ದುಡಿಯಲು ಹೋಗಿದ್ದ ಪಟ್ಟಣಗಳ ಜಾಗದಲ್ಲಿ ಬೆರಳಿಟ್ಟಿಟ್ಟು ಕಾಗದ ಸವೆದಿದೆ. ಅದರ ಕೆಳಗೆ ಮೇಷ್ಟ್ರ ಮೇಜಿನ ಹಿಂದೆ ಎಲಾದಿಯೊ ಕುಳಿತಿದ್ದ. ಹಸು ಸಾಕುವವನು, ಗಟ್ಟಿ ಆಳು, ಮಾತಿಗೆ ಮುಂಚೆ ನಗುವವನು. ನಾವೆಲ್ಲ ಸಣ್ಣ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಿಸಿ ಕೂತಿದ್ದೆವು.

"ಕೈಯೆತ್ತೋಕೆ ಮುಂಚೆ ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?" ಎಂದ. "ಇದ್ರೆ ಬೇಗ ಹೇಳಿ, ನನ್ನ ಹಸು ಈವತ್ತೋ ನಾಳೆಯೋ ಕರು ಹಾಕ್ತದೆ."

ನಾನು ಎದ್ದು ನಿಂತೆ. ಹೇಳಬೇಕಾದ್ದನ್ನು ಮನೆಯಲ್ಲಿ ಹಲವು ಸಲ ಹೇಳಿ ನೋಡಿಕೊಂಡಿದ್ದೆ.

"ಕಮ್ಮಾರನ ಮನೆ ಎರಡು ವಾರದಿಂದ ಹೊಗೆಯಾಡ್ತಿದೆ. ಅಲ್ಲಿ ವಾಸ ಯಾರೂ ಇಲ್ಲ. ಕೀಲಿ ಇದ್ದದ್ದು ನಿಮ್ಮ ಹತ್ತಿರ, ಸೆನ್ಯೋರ್ ಎಲಾದಿಯೊ. ಬರೀ ಹೊಗೆ ಬಂದ ಮಾತ್ರಕ್ಕೆ ಅದು ಮನೆ ಆಗೋದಿಲ್ಲ. ಆ ಮನೆಗೆ ಮತ ಇಲ್ಲ ಅಂತ ಮೊದಲು ತೀರ್ಮಾನ ಆಗಲಿ."

ಎಲಾದಿಯೊ ಬಾಯಿ ತೆರೆದವನು ಮುಚ್ಚಿಕೊಂಡು ದೊರಿಂದಾಳ ಕಡೆ ನೋಡಿದ. ಸಿಕ್ಕಿಬಿದ್ದ ಎಂದುಕೊಂಡೆ.

ದೊರಿಂದಾ ಬೆಂಚಿನಿಂದ ಕಷ್ಟಪಟ್ಟು ಎದ್ದಳು. "ಆ ಹೊಗೆ ನಂದು," ಎಂದಳು. "ಚೆಸ್ಟ್‌ನಟ್ ಒಣಗಿಸ್ತಿದೀನಿ."

"ಏನಂದ್ರಿ?" ಎಂದೆ.

"ಚೆಸ್ಟ್‌ನಟ್. ಮರದಿಂದ ಬೀಳ್ತದಲ್ಲ, ಮುಳ್ಳು ಮುಳ್ಳಾಗಿ. ಹೊಗೆ ಮೇಲೆ ಅವನ್ನ ಒಣಗಿಸೋ ನನ್ನ ಅಟ್ಟ ಹೋದ ವರ್ಷ ಮಾಡಿನ ಸಮೇತ ಕುಸೀತು. ಈ ಸಲ ಲಾರಿಯವನು ಹಸೀದಕ್ಕೆ ಕೇಳಿದ ಬೆಲೆ ಕೇಳಿದ್ರೆ ಹಂದಿಗೆ ಹಾಕೋದೇ ವಾಸಿ. ಇಟಲಿಯವರ ಮರಗಳಿಗೆ ಬಂದಿದ್ದ ರೋಗ ವಾಸಿಯಾಯ್ತಂತೆ, ಇನ್ನು ನಮ್ಮದು ಯಾರಿಗೆ ಬೇಕು? ಒಣಗಿಸಿಟ್ರೆ ಬೇಸಿಗೇಲಿ ಹಿಟ್ಟಿಗಾದ್ರೂ ಹೋಗ್ತದೆ ಅಂತ ಇವನ ಹತ್ರ ಕೀಲಿ ಕೇಳಿದೆ. ಮೊದಲು ದಿನಾ ಇವನೇ ಬಂದು ಬಾಗಿಲು ತೆಗೀತಿದ್ದ, ಆಮೇಲೆ ಕೀಲಿ ನನ್ನ ಕೈಗೇ ಕೊಟ್ಟ. ಒವೀದಿಯೊಗೆ ಹೇಳಬೇಡ, ಅವನು ಹೊಗೆಗೂ ಬಾಡಿಗೆ ಕೇಳ್ತಾನೆ ಅಂದೆ. ಇನ್ನು ಹೇಳಿದ ಹಾಗೇ ಆಯ್ತು."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಈಗ ಊರಿನಲ್ಲಿ ಯಾರೂ ಚೆಸ್ಟ್‌ನಟ್ ಒಣಗಿಸುವುದಿಲ್ಲ, ಬಿದ್ದದ್ದನ್ನು ಬಿದ್ದ ಹಾಗೇ ಲಾರಿಗೆ ಹಾಕುತ್ತಾರೆ. "ನಾನೂ ಮತಕ್ಕೇ ಅಂದ್ಕೊಂಡಿದ್ದೆ," ಎಂದು ಅಮಾರೊ ಗೊಣಗಿದ. ಆದರೆ ಎದ್ದು ನಿಂತು ಹೇಳಿದವಳು ನಾನು.

"ಒವೀದಿಯೊನ ಮನೆಗೆ ಮತ ಇದೆ ಅಂತ ಇಲ್ಲಿ ಯಾರಾದ್ರೂ ಕೇಳಿದ್ರಾ?" ಎಲಾದಿಯೊ ಎಲ್ಲರ ಮುಖ ನೋಡಿದ. "ಇಲ್ಲ. ಆದ್ರೆ ಮೇಷ್ಟ್ರಮ್ಮ ಹೊಗೆ ವಿಷಯ ಎತ್ತಿದ್ದು ಒಳ್ಳೇದೇ ಆಯ್ತು. ಬಾಗಿಲು ತೆರೆದಿರಬೇಕು, ಹೊಗೆಯೂ ಆಡಬೇಕು. ಎರಡೂ ಇದ್ರೆ ಮನೆ. ಅಲ್ವಾ? ಹಾಗಾದ್ರೆ ಒಂದ್ ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬಾರದು. ನಿಮ್ಮ ಮನೆ ಹೊಗೆಗೂಡಿನಲ್ಲಿ ಹೊಗೆ ನೋಡಿ ಎಷ್ಟು ದಿನ ಆಯ್ತು?"

ಕಳೆದ ವಸಂತದಲ್ಲಿ ನಾನು ಮನೆಗೆ ಕರೆಂಟಿನಿಂದ ನಡೆಯುವ ಬಿಸಿಗಾಳಿ ಯಂತ್ರ ಹಾಕಿಸಿದ್ದೆ. ಬ್ರಸೆಲ್ಸ್‌ನಿಂದ, ಯುರೋಪಿನ ಒಕ್ಕೂಟದಿಂದ, ಬಂದ ಸಹಾಯಧನದಲ್ಲಿ ಅರ್ಧ ಖರ್ಚು ಕಳೆದಿತ್ತು. ಅತ್ತೆಯ ಹಳೆಯ ಅಡಿಗೆಮನೆಯಲ್ಲಿ ಈಗ ಸೈಕಲ್ ನಿಲ್ಲಿಸುತ್ತೇನೆ.

"ಯಂತ್ರಕ್ಕೆ ಹೊಗೆ ಇರೋದಿಲ್ಲ," ಎಂದೆ. "ಆದ್ರೆ ನಾನು ಅಲ್ಲಿ ವಾಸ ಇದೀನಿ. ಎಲ್ಲರಿಗೂ ಗೊತ್ತು."

"ಗೊತ್ತು, ಯಾರು ಇಲ್ಲ ಅಂದ್ರು? ನಿಮ್ಮ ಕಿಟಕಿ ಪರದೆ ಅಲ್ಲಾಡೋದು ನಮಗೆಲ್ಲ ದಿನಾ ಕಾಣ್ತದೆ." ಈ ಸಲ ನಗು ಗಟ್ಟಿಯಾಗಿಯೇ ಬಂತು. "ನಂದೇನು ತಕರಾರಿಲ್ಲಮ್ಮ. ಮಾತು ನಿಮ್ಮದು. ಬೆಚ್ಚಗಿರೋಕೆ ಕರೆಂಟು ಬೇಕು ನಿಮಗೆ, ಕರೆಂಟು ಮಾತ್ರ ಬೇರೆ ಯಾರದೋ ಗುಡ್ಡದಿಂದ ಬರಬೇಕು. ಇರಲಿ. ಹೊಗೆ ಇಲ್ಲ, ಮತ ಇಲ್ಲ. ಹತ್ತು ಮನೆ. ಕೈಯೆತ್ತೋಣ್ವಾ?"

ಹತ್ತು ಮನೆ ಎಂದರೆ ಐದಕ್ಕೆ ಐದು. ಸರಿಸಮ. ಅವನ ಕೈ ಎರಡು ಸಲ ಎದ್ದ ಹಾಗೆ. ಬುಗ್ಗೆ ನನ್ನ ಕಣ್ಣೆದುರಿಗೇ ಕೆಂಪಗೆ ಹರಿಯತೊಡಗಿತು, ಅದನ್ನು ಕೆಡಿಸಿದವಳು ನಾನೇ.

"ಹಾಗೆಲ್ಲ ತೆಗೆದುಹಾಕೋಕಾಗಲ್ಲ," ಎಂದಳು ದೊರಿಂದಾ. ಇನ್ನೂ ನಿಂತೇ ಇದ್ದಳು. ನನ್ನ ಕಡೆ ನೋಡುತ್ತಿರಲಿಲ್ಲ. "ಒಂದು ಮನೆ ಹೊಗೆ ಮೇಲೆ ಅನುಮಾನ ಬಂದ್ರೆ ವಾರ ಕೊಡಬೇಕು. ಈ ಭಾನುವಾರದಿಂದ ಮುಂದಿನ ಭಾನುವಾರದವರೆಗೆ ಒಲೆ ಆರದ ಹಾಗೆ ಉರಿಸಿ ತೋರಿಸಿದ್ರೆ ಮತ ಇದೆ. ನಿಮ್ಮಪ್ಪ ಅಧ್ಯಕ್ಷನಾಗಿದ್ದಾಗ ಗಿರಣಿಯವನಿಗೆ ಹೀಗೇ ಮಾಡಿದ್ರು, ನೆನಪಿಲ್ವಾ ನಿನಗೆ?"

ಹಳಬರು ತಲೆಯಾಡಿಸಿದರು. ಎಲಾದಿಯೊ ಕೈ ತೊಡೆಗೆ ಒರೆಸಿಕೊಂಡ. "ಆಯ್ತು. ಮುಂದಿನ ಭಾನುವಾರ. ಅಷ್ಟರಲ್ಲಿ ನನ್ನ ಹಸುವೂ ಹಗುರಾಗಿರ್ತದೆ."

ಅವಳು ನನ್ನನ್ನು ಉಳಿಸಿದಳೋ, ಊರೆದುರು ಒಂದು ವಾರ ಕುಣಿಸಲು ಹೊರಟಳೋ, ನನಗೆ ತಿಳಿಯಲಿಲ್ಲ.

ಮನೆಗೆ ಬಂದವಳೇ ಸೈಕಲ್ ಹೊರಗೆಳೆದು, ಅತ್ತೆಯ ಕಲ್ಲಿನ ಒಲೆಯ ಮುಂದೆ ಮೊಣಕಾಲೂರಿದೆ. ನನ್ನ ಹತ್ತಿರವಿದ್ದ ಸೌದೆ ತೋಟದಲ್ಲಿ ಮಳೆಗೆ ನೆನೆದದ್ದು. ಹಳೆಯ ಉತ್ತರಪತ್ರಿಕೆಗಳನ್ನು ತುರುಕಿ ಹಚ್ಚಿದೆ. ಹೊಗೆ ಮೇಲೆ ಹೋಗದೆ ತಿರುಗಿ ನನ್ನ ಮುಖಕ್ಕೇ ಬಂತು. ಕೆಮ್ಮುತ್ತಾ ಕಿಟಕಿ ತೆಗೆಯುವಷ್ಟರಲ್ಲಿ ಅಂಗಳದಲ್ಲಿ ಒಂಟಿ ಚಕ್ರದ ಕೈಗಾಡಿ ಕಿರುಗುಟ್ಟಿತು. ಮೂರು ಮೂಟೆ ಹೇರಿಕೊಂಡು ದೊರಿಂದಾ ನಿಂತಿದ್ದಳು.

"ಮೇಲೆ ಹಕ್ಕಿಗೂಡು ಕಟ್ಟಿರ್ತದೆ. ಏಣಿ ಎಲ್ಲಿದೆ? ನಿನ್ನ ಅಟ್ಟ ಗಟ್ಟಿ ಇದ್ಯಾ?"

"ಇದೆ ಅನ್ಸುತ್ತೆ. ಸೆನ್ಯೋರ ದೊರಿಂದಾ, ನಾನು..."

"ಒವೀದಿಯೊ ಆಗಲೇ ಫೋನ್ ಮಾಡಿ ಕೂಗಾಡಿದ. ನಾವು ಇನ್ನೂ ಬೆಂಚಿಂದ ಏಳೋಕೆ ಮುಂಚೆ ಯಾರೋ ಮೊಬೈಲಿನಲ್ಲಿ ಜ್ಯೂರಿಕ್‌ಗೆ ಮುಟ್ಟಿಸಿದಾರೆ. ಎಲಾದಿಯೊ ಕೀಲಿ ವಾಪಸ್ ಇಸ್ಕೊಂಡ. ಚೆಸ್ಟ್‌ನಟ್ ಇನ್ನೂ ಅರ್ಧ ಹಸಿ. ಹೀಗೇ ಬಿಟ್ರೆ ಬೂಷ್ಟು ಹಿಡೀತದೆ."

"ನನ್ನಿಂದ ತಪ್ಪಾಯ್ತು. ಕ್ಷಮಿಸಿ."

"ಕ್ಷಮೆ ಹರವಿ ಒಣಗ್ಸಲಾ? ಏಣಿ ತಗೊಂಡ್ ಬಾ."

ಉದ್ದನೆಯ ಕೋಲಿಗೆ ಮುಳ್ಳುಪೊದೆ ಕಟ್ಟಿ ಅವಳು ಹೊಗೆಗೂಡಿನೊಳಗೆ ತಿವಿದಳು. ಕಡ್ಡಿ, ಗರಿ, ಮಸಿ ಎಲ್ಲ ಒಟ್ಟಿಗೆ ಸುರಿಯಿತು. ಆಮೇಲೆ ಹೊಗೆ ದಾರಿ ಹಿಡಿಯಿತು. ಒಲೆಯ ಮೇಲಿನ ಸೀಳುಹಲಗೆಯ ಅಟ್ಟದಲ್ಲಿ ಚೆಸ್ಟ್‌ನಟ್ ಹರವಿದೆವು. ಉರಿ ಏಳಬಾರದು, ಕೆಂಡ ಆರಲೂಬಾರದು, ಹಗಲೆಲ್ಲ ಯಾರಾದರೂ ಹತ್ತಿರವಿರಬೇಕು ಎಂದು ಅವಳು ಹೇಳಿದಾಗ ನನಗೆ ಪರಿಸ್ಥಿತಿ ಅರ್ಥವಾಯಿತು. ಹಗಲು ನಾನು ಶಾಲೆಯಲ್ಲಿರುತ್ತೇನೆ. ಮನೆಯ ಕೀಲಿ ಅವಳ ಕೈಯಲ್ಲಿಡಬೇಕು. ನನ್ನ ಮತ ಉಳಿಯುವುದೂ ಆರುವುದೂ ಅವಳ ಇಷ್ಟ.

ಕೀಲಿ ಕೊಟ್ಟೆ. ಕೊಡುವ ಮುಂಚೆ ಒಳಗೆ ಹೋಗಿ ಮೇಜಿನ ಡ್ರಾಯರ್ ಮುಚ್ಚಿ, ಅದರ ಅಂಚಿನ ಮೇಲೆ ಒಂದು ಪೆನ್ಸಿಲ್ ಇಟ್ಟೆ. ಯಾರಾದರೂ ಎಳೆದರೆ ಬೀಳುವ ಹಾಗೆ. ಡ್ರಾಯರಿನಲ್ಲಿ ಮಹತ್ವದ್ದೇನೂ ಇರಲಿಲ್ಲ. ಇಡದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ, ಅಷ್ಟೇ. ಸೋಮವಾರ ಸಂಜೆ ಬಂದು ನೋಡಿದೆ. ಪೆನ್ಸಿಲ್ ಇಟ್ಟಲ್ಲೇ ಇತ್ತು. ಒಲೆಯಲ್ಲಿ ಕೆಂಡವಿತ್ತು. ದೊರಿಂದಾ ಸ್ಟೂಲಿನ ಮೇಲೆ ಕೂತು ಸ್ವೆಟರಿನ ತೋಳು ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು.

ಬುಧವಾರ ಬ್ರೆಡ್ ಗಾಡಿ ಬಂದು ಹಾರ್ನ್ ಹೊಡೆದಾಗ ನಾನು ಶಾಲೆಗೆ ಹೊರಟಿದ್ದೆ. ಎಲಾದಿಯೊ ಎರಡು ದೊಡ್ಡ ಬ್ರೆಡ್ ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದ.

"ಏನ್ ಮೇಷ್ಟ್ರಮ್ಮ, ಕಣ್ಣು ಕೆಂಪಾಗಿದೆ?"

"ಹೊಗೆ."

"ಅಭ್ಯಾಸ ಆಗ್ತದೆ ಬಿಡಿ. ನಮ್ಮಮ್ಮಂದಿರು ಅದರಲ್ಲೇ ಬಾಳಿದ್ರು." ಅವನು ದನಿ ತಗ್ಗಿಸಿದ. "ದೊರಿಂದಾ ಚೆನ್ನಾಗಿ ನೋಡ್ಕೋತಿದಾಳಾ?"

"ಯಾಕೆ?"

"ಸುಮ್ನೆ ಕೇಳ್ದೆ. ಕೇಳಬಾರದಾ? ಹಸು ಹೆಣ್ಣುಗರು ಹಾಕ್ತು, ಅದನ್ನ ಹೇಳೋಣ ಅಂದ್ರೆ ಅದಕ್ಕೂ ಯಾಕೆ ಅಂತೀರೇನೋ."

ಸುಮ್ಮನೆ ಕೇಳುವ ಮನುಷ್ಯ ದನಿ ತಗ್ಗಿಸುವುದೇಕೆ? ಆ ದಿನವೆಲ್ಲ ಅದನ್ನೇ ಯೋಚಿಸಿದೆ. ನದಿಗಳ ಹೆಸರು ಹೇಳಿಕೊಡುತ್ತಾ ಒಂದೇ ನದಿಯನ್ನು ಎರಡು ಸಲ ಹೇಳಿದೆನೆಂದು ಮಕ್ಕಳು ತಿದ್ದಿದರು.

ಶುಕ್ರವಾರ ಮಧ್ಯಾಹ್ನವೇ ತರಗತಿ ಮುಗಿಯಿತು. ಕೆಳಗಿನ ಪೇಟೆಯಿಂದ ಬರುವ ರಸ್ತೆಯಲ್ಲಿ ಒಂದು ತಿರುವಿದೆ. ಅಲ್ಲಿಂದ ಅರ್ಮೆಂತಾಲ್‌ನ ಮಾಡುಗಳೆಲ್ಲ ಒಮ್ಮೆಗೇ ಕಾಣುತ್ತವೆ. ವಾರದಿಂದ ಆ ತಿರುವಿನಲ್ಲಿ ವೇಗ ತಗ್ಗಿಸಿ ನನ್ನ ಹೊಗೆಯನ್ನು ಹುಡುಕುವುದು ರೂಢಿಯಾಗಿತ್ತು. ಅಂದು ಹುಡುಕಿದೆ. ಇರಲಿಲ್ಲ. ಹೊಗೆಗೂಡು ಬೋಳಾಗಿ ನಿಂತಿತ್ತು. ಮನೆಯ ಗೇಟಿನ ಮುಂದೆ ಎಲಾದಿಯೊನ ಬಿಳಿ ವ್ಯಾನ್ ನಿಂತಿತ್ತು.

ಆ ಉಳಿದ ದಾರಿ ಹೇಗೆ ಓಡಿಸಿದೆನೋ ತಿಳಿಯದು. ಎಲ್ಲ ಒಂದಕ್ಕೊಂದು ಕೂಡಿಕೊಂಡಿತು: ಚರ್ಚಿನ ಮುಂದಿನ ಕೈಕುಲುಕು, ಮಂಜೆಂದು ಹೇಳಿದ ಸುಳ್ಳು, ವಾರ ಕೊಡಬೇಕೆಂಬ ವಾದ, ಬ್ರೆಡ್ ಗಾಡಿಯ ಬಳಿ ತಗ್ಗಿದ ದನಿ. ನನ್ನ ಮತ ಹಾಗೆಯೇ ಕಿತ್ತುಕೊಂಡಿದ್ದರೆ ಜನ ಅನ್ಯಾಯ ಎಂದಾರು. ನನ್ನ ಒಲೆ ತಾನಾಗಿಯೇ ಆರಿಹೋದರೆ ಯಾರೂ ಏನೂ ಅನ್ನಲಾರರು.

ಕಾರಿನ ಬಾಗಿಲು ಹಾಕದೆ ಓಡಿದೆ. ಅಂಗಳಕ್ಕೆ ಕಾಲಿಟ್ಟಾಗ ಕಣ್ಣುರಿಯಿತು. ತೇವದ ಗಾಳಿ ಗುಡ್ಡದಿಂದ ಕೆಳಗೆ ಅದುಮುತ್ತಿತ್ತು. ಹೊಗೆ ಮೇಲೇಳಲಾರದೆ ಕಪ್ಪುಕಲ್ಲಿನ ಮಾಡಿನ ಮೇಲೆ ತೆವಳಿ, ಸೂರಿನಿಂದ ಜಾರಿ, ಅಂಗಳದ ತುಂಬ ಮೊಣಕಾಲೆತ್ತರಕ್ಕೆ ಹರಡಿತ್ತು. ದೂರದಿಂದ ಅದು ಕಾಣುವುದಿಲ್ಲ. ಒಳಗೆ ಒಲೆಯ ಎರಡು ಕಡೆ ದೊರಿಂದಾ ಮತ್ತು ಎಲಾದಿಯೊ ಕೂತಿದ್ದರು. ಕೆಂಡದ ಮೇಲೆ ಕಡ್ಡಿಗೆ ಸಿಕ್ಕಿಸಿದ ಹಂದಿಮಾಂಸದ ಸಾಸೇಜು ಸುಡುತ್ತಿತ್ತು.

"ಬಂದ್ಳು ನೋಡು," ಎಂದಳು ದೊರಿಂದಾ. "ನಾನು ಹೇಳಲಿಲ್ವಾ, ತಿರುವಿನಲ್ಲಿ ಹೊಗೆ ಕಾಣದೆ ಓಡಿ ಬರ್ತಾಳೆ ಅಂತ. ಸಾಸೇಜಿನಲ್ಲಿ ದೊಡ್ಡ ಪಾಲು ನಂದು."

ಎಲಾದಿಯೊ ಸೋತವನಂತೆ ಕೈ ಚೆಲ್ಲಿದ. "ನಾನೂ ಹಾಗೇ ಬಂದೆ ಮೇಷ್ಟ್ರಮ್ಮ. ಕೆಳಗಿನಿಂದ ನೋಡಿದ್ರೆ ಹೊಗೆ ಇಲ್ಲ, ಆರಿತು ಅಂತ ಖುಷಿಯಾಗಿ ಬಂದೆ. ಸುಳ್ಳು ಯಾಕೆ ಹೇಳಲಿ? ಬಂದು ನೋಡಿದ್ರೆ ಈ ಮುದುಕಿ ನರಕ ಉರಿಸ್ತಾ ಕೂತಿದಾಳೆ."

"ಮುದುಕಿ ನಿಮ್ಮಮ್ಮ," ಎಂದಳು ಅವಳು. "ಕೂತ್ಕೋ ಮಗಳೇ. ಕಾರಿನ ಬಾಗಿಲು ಹಾಕಿದ್ಯಾ?"

ಕೂತೆ. ಒಂದು ತುಂಡು ಬ್ರೆಡ್ಡಿನ ಮೇಲೆ ಸಾಸೇಜಿಟ್ಟು ಕೊಟ್ಟಳು. ಇವರಿಬ್ಬರೂ ನಾನು ಬರುವ ಮುಂಚೆ ಏನು ಮಾತಾಡುತ್ತಿದ್ದರು ಎಂಬುದೊಂದೇ ತಲೆಯಲ್ಲಿತ್ತು. ಅವರು ಹೋದ ಮೇಲೆ ಪೆನ್ಸಿಲ್ ನೋಡಿದೆ. ಅಲ್ಲೇ ಇತ್ತು.

ಭಾನುವಾರ ಎಲಾದಿಯೊ ಮೇಜಿನ ಹಿಂದೆ ನಿಂತು ತಾನೇ ಹೇಳಿದ: "ಒಲೆ ಆರಿಲ್ಲ, ಕಣ್ಣಾರೆ ನೋಡಿದೀನಿ, ಅಲ್ಲಿ ಕೂತು ತಿಂದೂ ಬಂದಿದೀನಿ. ಆ ಮನೆಗೆ ಮತ ಇದೆ. ಹನ್ನೊಂದು. ಗುತ್ತಿಗೆ ಕೊಡೋಣ ಅನ್ನೋರು ಕೈಯೆತ್ತಿ."

ಅವನ ಕೈ ಎದ್ದಿತು. ನೀಲಗಿರಿಯ ಮೂರು ಮನೆಯವರ ಕೈ ಎದ್ದವು. ಅಮಾರೊನ ಕೈಗಾಗಿ ನೋಡುತ್ತಿದ್ದೆ. ಅಷ್ಟರಲ್ಲಿ ನನ್ನ ಪಕ್ಕದಲ್ಲೇ ಒಂದು ತೋಳು ಮೇಲಕ್ಕೆ ಹೋಯಿತು. ಒಂದು ವಾರದಿಂದ ನನ್ನ ಮನೆಯಲ್ಲಿ ಬಿಚ್ಚಿ ಹೆಣೆದ ಸ್ವೆಟರಿನ ತೋಳು. ದೊರಿಂದಾ ನೇರ ಮುಂದೆ, ಎರಡು ಜರ್ಮನಿಯ ನಕ್ಷೆಯನ್ನು ನೋಡುತ್ತಿದ್ದಳು.

ಇವಳೂ ಅಮಾರೊನೂ ಸೇರಿದರೆ ಆರು. ಮುಗಿಯಿತು.

"ನಾನು ಐದು ಎಣಿಸ್ತಿದೀನಿ," ಎಂದ ಎಲಾದಿಯೊ ನಿಧಾನವಾಗಿ. ಅವನ ಕಣ್ಣು ಅಮಾರೊನ ಮೇಲಿತ್ತು. ಅಮಾರೊ ತನ್ನ ಟೋಪಿಯನ್ನು ಮೊಣಕಾಲಿನ ಮೇಲೆ ತಿರುಗಿಸುತ್ತಾ ಕೂತಿದ್ದ. "ಬೇಡ ಅನ್ನೋರು?"

ನಾನು ಎತ್ತಿದೆ. ಹಿಂದಿನವರು ಎತ್ತಿದರು. ಕೊನೆಗೆ, ಅಣ್ಣನ ಮುಖ ನೋಡದೆ, ಅಮಾರೊ ಎತ್ತಿದ. ಅವನ ಕುದುರೆಗಳು ಪೆನಾ ಲಾಂಗಾದ ಮೇಲೆ ವರ್ಷವಿಡೀ ಬಿಡಾಡಿಯಾಗಿ ಮೇಯು‌ತ್ತವೆ. ಆರು ವರ್ಷದಿಂದ ಅವುಗಳನ್ನು ಕಿಟಕಿಯಿಂದ ನೋಡುತ್ತಿದ್ದೇನೆ. ಅವನು ಎಲಾದಿಯೊನ ಚಿಕ್ಕಪ್ಪನ ಮಗ ಎಂಬುದನ್ನೇ ಲೆಕ್ಕಕ್ಕೆ ತೆಗೆದುಕೊಂಡಿದ್ದೆ, ಕುದುರೆಗಳನ್ನಲ್ಲ.

ಆರಕ್ಕೆ ಐದು. ಗುಡ್ಡ ಉಳಿಯಿತು. "ಹೋಗ್ಲಿ, ಕಂಪನಿಯವನಿಗೆ ಪಾಪ ಬೂಟು ಕೊಳೆ ಆಗೋದು ತಪ್ಪಿತು," ಎಂದು ಎಲಾದಿಯೊ ಕಾಗದಗಳನ್ನು ಮಡಿಸಿದ. ನಗಲು ನೋಡಿದ, ಆಗಲಿಲ್ಲ.

ಹೊರಗೆ ದೊರಿಂದಾ ತನ್ನ ಪಾಡಿಗೆ ತಾನು ಇಳಿಜಾರಿನಲ್ಲಿ ನಡೆಯತೊಡಗಿದ್ದಳು. ಓಡಿ ಹಿಡಿದೆ.

"ಯಾಕೆ ಹೀಗೆ ಮಾಡಿದ್ರಿ?"

"ಯಾವುದಕ್ಕೆ ಯಾಕೆ? ಕೈಯೆತ್ತಿದ್ದಕ್ಕಾ, ಬೆಂಕಿ ಕಾಯ್ದದ್ದಕ್ಕಾ?"

"ಎರಡಕ್ಕೂ."

"ಕೈಯೆತ್ತಿದ್ದು ಬಸ್ಸಿಗೆ," ಎಂದಳು. "ವಾರಕ್ಕೆರಡು ಸಲ ಆಸ್ಪತ್ರೆಗೆ ಬಸ್ಸು ಬಿಡೋ ಖರ್ಚು ಕೊಡ್ತೀವಿ ಅಂದಿದ್ರು ಕಂಪನಿಯವರು. ನಿನಗೆ ಕಾರಿದೆ. ನನಗೆ ಮೊಣಕಾಲಿದೆ, ಅದೂ ಒಂದೇ. ಈ ಗಾಳಿ ನಾನು ಹುಟ್ಟಿದಾಗಿಂದ ಬೀಸ್ತಿದೆ, ಒಂದು ದಿನವಾದ್ರೂ ನನ್ನನ್ನ ಡಾಕ್ಟರ ಹತ್ರ ಕರ್ಕೊಂಡು ಹೋಯ್ತಾ? ನಿನ್ನ ನೀರಿನ ಮಾತು ಸರಿ. ನನ್ನ ಬಸ್ಸಿನ ಮಾತೂ ಸರಿ."

"ನೀವು ಬುಗ್ಗೆ ಅಂದಾಗಲೆಲ್ಲ ತಲೆಯಾಡಿಸ್ತಿದ್ರಿ."

"ನೀನು ಮಾತಾಡ್ತಿದ್ದೆ, ನಾನು ಕೇಳಿಸ್ಕೋತಿದ್ದೆ. ಕೇಳಿಸ್ಕೊಳ್ಳೋರು ತಲೆ ಆಡಿಸ್ತಾರೆ."

"ಹಾಗಾದ್ರೆ ಬೆಂಕಿ? ಆರಲು ಬಿಟ್ಟಿದ್ರೆ ನೀವು ಗೆಲ್ತಿದ್ರಿ."

ಅವಳು ನಿಂತು, ಮೊದಲ ಸಲ ನೋಡುತ್ತಿರುವವಳಂತೆ ನನ್ನನ್ನು ನೋಡಿದಳು. ಏನೋ ಹೇಳಲು ಹೊರಟವಳು ಬೇಡವೆಂದುಕೊಂಡಳೆಂದು ನನಗನ್ನಿಸಿತು.

"ಮೂರು ಮೂಟೆ ಚೆಸ್ಟ್‌ನಟ್ ಇದೆ ನಿನ್ನ ಅಟ್ಟದಲ್ಲಿ," ಎಂದಳು. "ಇನ್ನೂ ಒಂದು ವಾರ ಬೇಕು ಅದಕ್ಕೆ. ನೀನು ಇಲ್ಲಿ ಪ್ರಶ್ನೆ ಕೇಳ್ತಾ ನಿಂತ್ರೆ ಅಲ್ಲಿ ಒಲೆ ಆರ್ತದೆ. ನಡಿ."

ಒಲೆಗಾಗಿಯೋ, ಚೆಸ್ಟ್‌ನಟ್‌ಗಾಗಿಯೋ, ಬೇರೆ ಯಾವುದಕ್ಕಾಗಿಯೋ, ಈಗಲೂ ನಾನು ಖಚಿತವಾಗಿ ಹೇಳಲಾರೆ. ಆದರೆ ಸೋಮವಾರ ಬೆಳಿಗ್ಗೆ ಅವಳು ಕೀಲಿಗೆ ಕೈ ಚಾಚಿದಾಗ ಮರುಮಾತಿಲ್ಲದೆ ಕೊಟ್ಟೆ. ಗುರುವಾರಕ್ಕೆ ಡಾಕ್ಟರ ಹತ್ತಿರ ಹೋಗಬೇಕಾದರೆ ಶಾಲೆಗೆ ಹೋಗುವಾಗ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. "ನೀನು ಕಾರು ಓಡ್ಸೋದು ನೋಡಿದೀನಿ ಶುಕ್ರವಾರ," ಎಂದಳು, ಬೇಡ ಎನ್ನಲಿಲ್ಲ.

ಹೊರಡುವ ಮುಂಚೆ ಮೇಜಿನ ಹತ್ತಿರ ಹೋದೆ. ಡ್ರಾಯರಿನ ಅಂಚಿನ ಮೇಲೆ ಪೆನ್ಸಿಲ್ ಇತ್ತು. ಕೈಗೆತ್ತಿಕೊಂಡೆ, ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದೆ, ಮತ್ತೆ ಅಲ್ಲೇ ಇಟ್ಟೆ.

ತಿರುವಿನಲ್ಲಿ ಕಾರು ನಿಲ್ಲಿಸಿ ಹಿಂದಿರುಗಿ ನೋಡಿದೆ. ಗಾಳಿ ನಿಂತಿತ್ತು. ನನ್ನ ಮನೆಯ ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಕಮ್ಮಾರನ ಮನೆ ಕುರುಡಾಗಿಯೇ ಇತ್ತು. ಅದನ್ನೂ ಒಮ್ಮೆ ಸರಿಯಾಗಿ ನೋಡಿಕೊಂಡೇ ಗೇರ್ ಹಾಕಿದೆ.